ಇಳಿಯದೆ ಸುತ್ತಿ ಬಂದ ದ್ವೀಪ

(ಇಂದಾಪುರ ತಾಲ್ಲೂಕಿನ ಪಳಸದೇವ. ಉಜನಿ ಹಿನ್ನೀರಿನ ದಂಡೆ, ಮೇ ತಿಂಗಳ ಸಂಜೆ. ಮಾಮಾ ಭೀಮಾ ದಂಡೆಯ ಅಫಜಲಪುರ ಕಡೆಯವರು. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದು ಇಂದಾಪುರದಲ್ಲೇ ನೆಲೆಸಿದವರು. ಸೊಸೆ ಅವರ ತಂಗಿಯ ಮಗಳು, ಕಾರವಾರದಲ್ಲಿ ಹುಟ್ಟಿ ಬೆಳೆದವಳು. ಮನೆದೇವರ ದರ್ಶನಕ್ಕೆಂದು ನೀರಾ ನರಸಿಂಗಪುರಕ್ಕೆ ಬಂದಿದ್ದಾಳೆ.)

ಮಾಮಾ: ಅಲ್ಲೆ ನೋಡು, ನೀರಿನ ನಡುವ ಶಿಖರ ಕಾಣ್ತದಲ್ಲಾ, ಅದು ಪಳಸನಾಥನ ಗುಡಿ. ಮಳಿಗಾಲ ಮುಗಿದ ಮ್ಯಾಲೆ ಬಂದಿದ್ದರ ನಿನಗ ಬರೇ ನೀರು ಕಾಣ್ತಿತ್ತು.

ಸೊಸೆ: ಅದರ ಆಚೆಗೆ ಕಾಣುವ ಮಣ್ಣಿನ ದಿಬ್ಬಗಳು?

ಮಾಮಾ: ಅವು ಬ್ಯಾಸಗಿ ನಡುಗಡ್ಡಿ. ನಿಮ್ಮ ಸಮುದ್ರಕ್ಕ ದಿನಕ್ಕ ಎರಡು ಸಲ ಭರತಿ ಬರ್ತದ. ನಮ್ಮ ಉಜನಿಗೆ ವರ್ಷಕ್ಕೊಂದೇ ಭರತಿ, ವರ್ಷಕ್ಕೊಂದೇ ಇಳಿತ. ಆಣಿಕಟ್ಟು ಮುಗಿದದ್ದು 1980ರಾಗ. ಒಟ್ಟು ಸುಮಾರು 117 ಟಿಎಂಸಿ ನೀರು ಹಿಡೀತದ, ಅದರಾಗ ಅರ್ಧಕ್ಕಿಂತ ಹೆಚ್ಚು ತಳದ ನೀರೇ. ಬ್ಯಾಸಗಿ ಬಂದರ ಇಲ್ಲಿ ಪೇಪರಿನವರು ‘ಉಜನಿ ಮೈನಸ್‌ಗೆ ಹೋತು’ ಅಂತ ಬರೀತಾರ. ನೀರು ಖಾಲಿ ಆತು ಅಂತ ಅಲ್ಲ ಅದರ ಅರ್ಥ; ಬಳಸಲಿಕ್ಕೆ ಅಂತ ಲೆಕ್ಕ ಇಟ್ಟ ನೀರು ತೀರಿತು ಅಂತ. ಆವಾಗ ಗುಡಿ ಎದ್ದು ಬರ್ತದ, ಹಳೇ ಊರಿನ ಗೋಡಿ ಎದ್ದು ಬರ್ತಾವ. ಇಳಿದ ನೀರಿನ ಹಿಂದ ಹಿಂದ ರೈತರು ಹೋಗಿ ಕೆಸರಿನ ನೆಲದಾಗ ಬೀಜ ಬಿತ್ತತಾರ. ಗಾಳಪೇರ ಅಂತಾರ ಇದಕ್ಕ ಇಲ್ಲೆ.

ಸೊಸೆ: ನಾಲ್ಕು ತಿಂಗಳು ಹೊಲ, ಎಂಟು ತಿಂಗಳು ನೀರು.

ಮಾಮಾ: ಹಂಗೇ. ಅದಿರಲಿ, ನಿಮ್ಮವ್ವ ಫೋನಿನಾಗ ಅಳೂದೊಂದು ಬಾಕಿ. ನೀ ಹಾಯಿದೋಣಿ ತಗೊಂಡು ದ್ವೀಪ ದ್ವೀಪ ತಿರುಗ್ತಿ ಅಂತ. ಖರೇ ಏನು?

ಸೊಸೆ: ಖರೇ ಮಾಮಾ. ಈಗ ಸಮುದ್ರ ಮುಚ್ಚುವ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಎಂಜಿನ್ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಹಾಯಿದೋಣಿಯಂತೂ ನವರಾತ್ರಿ ಕಳೆಯುವ ತನಕ ನೀರಿಗೆ ಇಳಿಯುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ನಮ್ಮ ಕಾಲ. ಕಾರವಾರದಿಂದ ಹೊರಟು ದಕ್ಷಿಣಕ್ಕೆ ಹೊನ್ನಾವರ, ಮುರುಡೇಶ್ವರ, ಭಟ್ಕಳ, ಮಲ್ಪೆ. ದಾರಿಯಲ್ಲಿ ಎಷ್ಟು ದ್ವೀಪಗಳಿವೆ ಎಂದು ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಗೊತ್ತಾಗುವುದೇ ಇಲ್ಲ. ಕಾರವಾರದ ಎದುರಿಗೇ ಕೂರ್ಮಗಡ, ದೀಪಸ್ತಂಭವಿರುವ ದೇವಗಡ, ಮದಲಿಂಗಗಡ, ಆಚೆಗೆ ಅಂಜದೀವ. ಹೊನ್ನಾವರದ ಎದುರು ಬಸವರಾಜದುರ್ಗ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ ನೇತ್ರಾಣಿ. ಮಲ್ಪೆಯ ಎದುರು ಸೇಂಟ್ ಮೇರೀಸ್.

ಮಾಮಾ: ಎಂಜಿನ್ ದೋಣಿ ಇರೂ ಕಾಲದಾಗ ಹಾಯಿ ಯಾಕ? ಎರಡು ತಾಸಿನ ಕೆಲಸಕ್ಕ ಒಂದು ದಿನ ಹಾಕೂದು ನನಗ ತಿಳಿಯಾಂಗಿಲ್ಲ.

ಸೊಸೆ: ಎಂಜಿನ್ ದೋಣಿಯಲ್ಲಿ ಕೂತವನಿಗೆ ದ್ವೀಪ ಒಂದೇ ದಿಕ್ಕಿನಿಂದ ಕಾಣುತ್ತದೆ. ಹೊರಟ ಜಾಗದಿಂದ ನೇರ ಗೆರೆ ಎಳೆದಂತೆ ಹೋಗಿ ಮುಟ್ಟಿಬಿಡುತ್ತಾನೆ. ಹಾಯಿಗೆ ಗಾಳಿಯ ಎದುರು ನೇರ ಹೋಗಲು ಬರುವುದಿಲ್ಲ. ಎದುರುಗಾಳಿ ಇದ್ದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಹಾಯುತ್ತ ಮುಂದೆ ಸಾಗಬೇಕು. ಪ್ರತಿ ತಿರುವಿಗೂ ದ್ವೀಪದ ಬೇರೆ ಮಗ್ಗುಲು ಕಾಣುತ್ತದೆ. ಅಲೆ ಎಲ್ಲಿ ಒಡೆಯುತ್ತಿದೆ, ನೀರು ಎಲ್ಲಿ ಬಣ್ಣ ಬದಲಿಸಿದೆ, ಹಕ್ಕಿಗಳು ಯಾವ ಬಂಡೆಯಿಂದ ಏಳುತ್ತಿವೆ, ಎಲ್ಲ ತಲುಪುವ ಮೊದಲೇ ಗೊತ್ತಾಗಿರುತ್ತದೆ. ನಾನು ದ್ವೀಪ ನೋಡಲು ಹೋಗುವುದು ಈ ತಡವಾಗುವ ಸಲುವಾಗಿಯೇ.

ಮಾಮಾ: ಗಾಳಿ ಕೈಕೊಟ್ಟರ?

ಸೊಸೆ: ಆ ಕಾಲದ ಗಾಳಿ ಹೆಚ್ಚಾಗಿ ಮಾತಿಗೆ ತಪ್ಪುವುದಿಲ್ಲ. ರಾತ್ರಿ ನೆಲ ಬೇಗ ತಣಿಯುತ್ತದೆ, ಸಮುದ್ರ ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಮೂಡಗಾಳಿ ಬೀಸಿ ದೋಣಿಯನ್ನು ಹೊರಗೆ ಕರೆದುಕೊಂಡು ಹೋಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಗಾಳಿ ಸತ್ತಂತಾಗಿ, ಹಾಯಿ ಜೋತು ಬೀಳುತ್ತದೆ. ಆಮೇಲೆ ನೆಲ ಕಾದು, ವಾಯವ್ಯದಿಂದ ಗಾಳಿ ಎದ್ದು ಮನೆಯ ಕಡೆ ತಳ್ಳುತ್ತದೆ. ಎಂಜಿನ್ ಬರುವ ಮುಂಚೆ ಕರಾವಳಿಯ ಮೀನುಗಾರರ ದಿನವೇ ಹೀಗೆ ನಡೆಯುತ್ತಿತ್ತು. ಪಾತಿ ದೋಣಿಗೆ ಸಣ್ಣ ಹಾಯಿ ಕಟ್ಟಿ ಮೂಡಗಾಳಿಗೆ ಹೋಗುವುದು, ಪಡುಗಾಳಿಗೆ ಬರುವುದು. ನನಗೆ ಕಲಿಸಿದವರು ದೋಣಿ ನಡೆಸುವ ಒಬ್ಬ ಹಿರಿಯ ತಾಂಡೇಲರು. ಗಾಳಿ ಸತ್ತ ಆ ಒಂದು ತಾಸಿನಲ್ಲಿ ಅವರು ಏನೂ ಮಾಡುವುದಿಲ್ಲ, ನೀರು ನೋಡುತ್ತ ಕೂರುತ್ತಾರೆ. ದೂರದಲ್ಲಿ ನೀರಿನ ಮೇಲೆ ಕಪ್ಪು ಗೆರೆ ಮೂಡಿದರೆ ಗಾಳಿ ಬಂತು ಅಂತ ಹಗ್ಗಕ್ಕೆ ಕೈ ಹಾಕುತ್ತಾರೆ.

ಮಾಮಾ: ಮೊನ್ನೆ ಮೊಳಿ ಇಲ್ಲದ ಹಡಗು ಒಂದು ಮಸ್ಕತ್‌ಗೆ ಹೋತಲ್ಲಾ, ಅದೂ ನಿಮ್ಮ ಕಾರವಾರದ್ದೇ?

ಸೊಸೆ: ಕೌಂಡಿನ್ಯ. ಕಟ್ಟಿದ್ದು ಗೋವೆಯ ದಿವಾಡಿಯಲ್ಲಿ, ನೌಕಾಪಡೆಗೆ ಸೇರಿದ್ದು 2025ರ ಮೇ 21ರಂದು ಕಾರವಾರದ ನೆಲೆಯಲ್ಲಿ. ಅಜಂತಾದ ಗುಹೆಯೊಂದರಲ್ಲಿರುವ ಐದನೇ ಶತಮಾನದ ಹಡಗಿನ ಚಿತ್ರವನ್ನು ನೋಡಿ ಮಾಡಿದ ಹಡಗು ಅದು. ಹಲಗೆಗೆ ಹಲಗೆ ಜೋಡಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಹಾಯಿಯ ಮೇಲೆ ಗಂಡಭೇರುಂಡ ಇದೆ. ಆ ಡಿಸೆಂಬರಿನ ಕೊನೆಗೆ ಪೋರಬಂದರದಿಂದ ಹೊರಟು ಜನವರಿಯಲ್ಲಿ ಮಸ್ಕತ್ ಮುಟ್ಟಿತು. ನನಗೆ ಅದರಲ್ಲಿ ಹಿಡಿಸಿದ್ದು ಹಳೆಯದರ ಹೆಮ್ಮೆಗಿಂತ ಬೇರೆ. ಒಂದು ಚಿತ್ರ ಬಿಟ್ಟರೆ ಅಳತೆಯ ಪಟ, ನಕ್ಷೆ ಯಾವುದೂ ಕೈಯಲ್ಲಿಲ್ಲ. ಆದರೂ ಹೊಲಿಯುವ ಕೈಗಳು ಕೇರಳದಲ್ಲಿ ಇನ್ನೂ ಇದ್ದವು. ಕೈ ಉಳಿದಿದ್ದರಿಂದ ಹಡಗು ಎದ್ದು ಬಂತು.

ಮಾಮಾ: ಆತು, ದ್ವೀಪಕ್ಕ ಹೋಗಿ ಏನು ಮಾಡ್ತಿ? ಅಲ್ಲೆ ಏನದ?

ಸೊಸೆ: ನೇತ್ರಾಣಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ನಾನು ಇಳಿಯಲಿಲ್ಲ.

ಮಾಮಾ: ಇಳೀಲಿಲ್ಲ? ಅಷ್ಟು ದೂರ ಹೋಗಿ?

ಸೊಸೆ: ಸುತ್ತ ಹಾಕಿ ಬಂದೆವು. ಎತ್ತರದ ಕಡಿದಾದ ಬಂಡೆ, ಮೇಲೆ ದಟ್ಟ ಕಾಡು. ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಗಿಡುಗಗಳು ಗೂಡು ಕಟ್ಟುತ್ತವೆ. ಬಂಡೆಯ ಸಂದುಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಸಣ್ಣ ಹಕ್ಕಿ. ಕೆಳಗೆ ನೀರಿನಲ್ಲಿ ಹವಳ. ಅದನ್ನು ನೋಡಲೆಂದೇ ಜನ ಮುರುಡೇಶ್ವರದಿಂದ ಮುಳುಗು ಹಾಕಲು ಬರುತ್ತಾರೆ. ದ್ವೀಪದ ಮೇಲೆ ಜಟ್ಟಿಗ ದೇವರಿದ್ದಾನೆ. ಕಡಲಿಗೆ ಹೋಗುವ ಮೀನುಗಾರರು, ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ, ಅಲ್ಲಿ ಹರಕೆ ಹೊರುತ್ತಾರೆ. ಹರಕೆಗೆ ಬಿಟ್ಟ ಆಡುಗಳು ಕಾಡುಪಾಲಾಗಿ ಅಲ್ಲೇ ಬದುಕುತ್ತಿವೆ. ಇಷ್ಟು ಸಾಲದೆಂಬಂತೆ ನೌಕಾಪಡೆ ಅದೇ ದ್ವೀಪವನ್ನು ಗುಂಡಿನ ಅಭ್ಯಾಸದ ಗುರಿಯಾಗಿ ಬಳಸಿತು. ದೇವರೂ ಹಕ್ಕಿಯೂ ಇರುವ ಬಂಡೆಗೆ ಗುಂಡು ಹೊಡೆಯುವುದು ನನಗೆ ಇಂದಿಗೂ ಒಪ್ಪಲಾಗದ ಸಂಗತಿ. ಅಭ್ಯಾಸಕ್ಕೆ ತೇಲುವ ಗುರಿ ಸಾಕು.

ಮಾಮಾ: ಅದು ಖರೇ. ಆದರ ನೀ ಇಳೀದ ಇದ್ದದ್ದು ಯಾಕ? ಮೀನುಗಾರರು ಇಳೀತಾರಲ್ಲಾ.

ಸೊಸೆ: ಅವರಿಗೆ ಇಳಿಯಲು ಕಾರಣವಿದೆ. ಕಡಲಿನಲ್ಲಿ ಜೀವ ಉಳಿಸು ಎಂದು ಕೇಳಿಕೊಂಡವರು ಅವರು. ನನಗೆ ಕಣ್ಣಿನ ಆಸೆ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ನಾವು ದ್ವೀಪದ ಮರೆಗೆ ಬಂದಾಗ ಗಾಳಿ ನಿಂತು, ಹಿಕ್ಕೆಯ ವಾಸನೆ, ಮರಿಗಳ ಕೂಗು ಎಲ್ಲ ಒಟ್ಟಿಗೆ ಬಂತು. ಒಂದು ಗಿಡುಗ ಮೇಲೆದ್ದು ನಮ್ಮ ಕೂವೆಮರದ ಸುತ್ತ ತಿರುಗಿತು. ಮರದಲ್ಲಿ ಗೂಡಿರಬೇಕು. ತಾಂಡೇಲರು ಲಂಗರನ್ನೂ ಹಾಕಲಿಲ್ಲ, ಕೆಳಗೆ ಹವಳವಿದ್ದರೆ ಲಂಗರಿನ ಒಂದು ಎಳೆತಕ್ಕೆ ಎಷ್ಟೋ ವರ್ಷದ ಬೆಳೆ ಮುರಿಯುತ್ತದೆ. ನಿಧಾನ ಒಂದು ಸುತ್ತು ಬಂದು ಗಾಳಿಗೆ ಹಾಯಿ ಕೊಟ್ಟೆವು. ನಾನು ನೇತ್ರಾಣಿ ನೋಡಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ.

ಮಾಮಾ: ನಾ ಒಪ್ಪಾಂಗಿಲ್ಲ. ಕಾಲು ಇಡದ ನೆಲ ನೋಡಿದಂಗ ಹ್ಯಾಂಗ ಆಗ್ತದ? ಗುಡಿಗೆ ಹೋಗಿ ಹೊಸ್ತಿಲದಿಂದ ತಿರುಗಿ ಬಂದಂಗ ಅದು.

ಸೊಸೆ: ಕನಕದಾಸರು ಉಡುಪಿಯಲ್ಲಿ ಒಳಗೆ ಹೋಗಿದ್ದರೇ?

ಮಾಮಾ: ಅವರನ್ನ ಒಳಗ ಬಿಡಲಿಲ್ಲ. ನಿನ್ನ ಯಾರು ತಡದ್ರು? ಎರಡೂ ಒಂದೇ ಅಲ್ಲ.

ಸೊಸೆ: ಅದು ಸರಿ. ಆ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ತಡೆಯುವವರಿಲ್ಲದ ಜಾಗದಲ್ಲಿ ನಮ್ಮನ್ನು ನಾವೇ ತಡೆದುಕೊಳ್ಳಬೇಕು ಅನ್ನುವುದು ನನ್ನ ವಾದ. ಅಂಜದೀವದಲ್ಲಿ ಕಾವಲಿದೆ, ಹಾಗಾಗಿ ಪ್ರಶ್ನೆಯೇ ಇಲ್ಲ.

ಮಾಮಾ: ಅಂಜದೀವದ ಹೆಸರು ನಾ 1961ರ ಸುದ್ದಿಯೊಳಗ ಕೇಳಿದ್ದು.

ಸೊಸೆ: ಆ ವರ್ಷ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದಾಗ ಮೈಸೂರು, ತ್ರಿಶೂಲ್ ಹಡಗುಗಳ ನಾವಿಕರು ಅಲ್ಲಿ ಇಳಿದರು. ಏಳು ಮಂದಿ ಪ್ರಾಣ ಬಿಟ್ಟರು. ಅದಕ್ಕೂ ಹಿಂದಿನ ಕಥೆ ಉದ್ದ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಕೋಟೆ ಕಟ್ಟಿದ. ಮುಂಬಯಿ ಕೈಗೆ ಬರಲಿ ಎಂದು ಕಾಯುತ್ತ 1660ರ ದಶಕದಲ್ಲಿ ಅಲ್ಲಿ ಬಿಡಾರ ಹೂಡಿದ ಇಂಗ್ಲಿಷ್ ಸೈನಿಕರು ರೋಗಕ್ಕೆ ನೂರಾರು ಸಂಖ್ಯೆಯಲ್ಲಿ ಸತ್ತರು. ಈಗ ಅದು ನೌಕಾನೆಲೆಯ ಭಾಗ. ದೂರದಿಂದ ಕಾಣುವುದಷ್ಟೇ, ಹತ್ತಿರವೂ ಹೋಗುವುದಿಲ್ಲ.

ಮಾಮಾ: ಗವಿಯೊಳಗ ಹೋಗ್ತೀ ಅಂತಲೂ ನಿಮ್ಮವ್ವ ಅಂದ್ಲು. ಸಮುದ್ರದಾಗ ಗವಿ?

ಸೊಸೆ: ಬಂಡೆಯಲ್ಲಿ ಮೊದಲೇ ಒಂದು ಬಿರುಕಿರಬೇಕು ಮಾಮಾ. ಅಲೆ ಬಂದು ಬಡಿದಾಗ ಬಿರುಕಿನ ಒಳಗಿದ್ದ ಗಾಳಿ ಇರುಕಿಗೆ ಸಿಕ್ಕು ಬಂಡೆಯನ್ನು ಒಳಗಿನಿಂದ ಒತ್ತುತ್ತದೆ. ಅಲೆ ಹಿಂದೆ ಸರಿದ ಕೂಡಲೇ ಆ ಒತ್ತಡ ಬಿಟ್ಟುಹೋಗುತ್ತದೆ. ಒತ್ತು, ಬಿಡು, ಒತ್ತು, ಬಿಡು, ಸಾವಿರಾರು ವರ್ಷ. ಜೊತೆಗೆ ಅಲೆ ಎತ್ತಿ ಎಸೆಯುವ ಕಲ್ಲು, ಮರಳು. ಬಿರುಕು ಸಂದಾಗಿ, ಸಂದು ಗವಿಯಾಗುತ್ತದೆ. ಕೆಲವು ಕಡೆ ಮಾಡೂ ಕುಸಿದು ಮೇಲಿನಿಂದ ಬೆಳಕು ಬೀಳುತ್ತದೆ. ಥಾಯ್ಲೆಂಡಿನ ಫಾಂಗ್‌ನ್ಗಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳ ಒಳಗೇ ಮಾಡು ಕುಸಿದ ಕೊಳಗಳಿವೆ. ಗವಿಯ ಬಾಯಿಯಿಂದ ಸಣ್ಣ ದೋಣಿಯಲ್ಲಿ ಬಗ್ಗಿ ಕೂತು ಒಳಹೋಗಬೇಕು, ಅದೂ ನೀರಿನ ಮಟ್ಟ ಸರಿಯಾಗಿರುವ ಹೊತ್ತಿನಲ್ಲಿ. ಭರತಿ ಏರಿದರೆ ಬಾಯಿಯೇ ಮುಚ್ಚಿಹೋಗುತ್ತದೆ.

ಮಾಮಾ: ಒಳಗ ಸಿಕ್ಕೊಂಡರ?

ಸೊಸೆ: ಅದಕ್ಕೇ ಹಾಯಿದೋಣಿ ಹೊರಗೆ, ಆಳದ ನೀರಿನಲ್ಲಿ, ಒಬ್ಬರ ಕೈಯಲ್ಲಿ. ಹೋಗುವುದಾದರೆ ಹುಟ್ಟು ಹಾಕುವ ಚಿಕ್ಕ ದೋಣಿ. ಅದಕ್ಕೂ ಮೊದಲು ಹೊರಗೆ ಬಹಳ ಹೊತ್ತು ಕೂತು ಅಲೆ ಎಣಿಸುವುದು. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಬಂದು ಬಂದು, ನಡುವೆ ದೊಡ್ಡವು ಮೂರು ನಾಲ್ಕು ಸಾಲಾಗಿ ಬರುತ್ತವೆ. ಗವಿ ಒಳಗೆ ಹೋದಂತೆ ಕಿರಿದಾಗುವುದರಿಂದ ಹೊರಗೆ ಮೊಣಕಾಲೆತ್ತರ ಇದ್ದ ಅಲೆ ಒಳಗೆ ತಲೆ ಮೀರಿ ಏಳಬಹುದು. ಇಳಿತದ ಹೊತ್ತು, ಗಾಳಿಯಿಲ್ಲದ ಬೆಳಗು, ಅಲೆ ಮಲಗಿದ ದಿನ, ಈ ಮೂರೂ ಕೂಡಿ ಬರದಿದ್ದರೆ ಬಾಯಿಯಿಂದಲೇ ನೋಡಿ ಹಿಂದಿರುಗುವುದು.

ಮಾಮಾ: ಗಾಳಿ ಇಲ್ಲಂದ್ರ ಅಲೆನೂ ಇರಾಂಗಿಲ್ಲಲ್ಲಾ?

ಸೊಸೆ: ಹಾಗೆ ನಂಬಿದವರೇ ಅಪಾಯಕ್ಕೆ ಸಿಗುವುದು. ಅಂಟಾರ್ಟಿಕದ ಕಡೆ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿ.ಮೀ. ದಾಟಿ, ದಿನಗಟ್ಟಲೆ ನಡೆದು, ನಮ್ಮ ದಡಕ್ಕೆ ಬರುತ್ತದೆ. ಇಲ್ಲಿ ಆಕಾಶ ತಿಳಿ, ಎಲೆ ಅಲುಗಾಡದು. ನೀರು ಮಾತ್ರ ಉಬ್ಬುತ್ತದೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಈಗ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಅದನ್ನು ನೋಡದೆ ನಾನು ದಡ ಬಿಡುವುದಿಲ್ಲ.

ಮಾಮಾ: ಗವಿಯಾಗ ಏನು ಕಂಡಿ?

ಸೊಸೆ: ನಾನು ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು. ನಾನು ಹೇಳಿದ ಸ್ವಿಫ್ಟ್‌ಲೆಟ್ ಹಕ್ಕಿ ಕತ್ತಲಲ್ಲಿ ಟಕ್ ಟಕ್ ಎಂದು ಸದ್ದು ಮಾಡುತ್ತ, ಮರುದನಿ ಕೇಳಿ ದಾರಿ ಹುಡುಕುತ್ತದೆ. ಬಾವಲಿಯ ದನಿ ನಮ್ಮ ಕಿವಿಗೆ ನಿಲುಕದು, ಇದರದ್ದು ಚೆನ್ನಾಗಿ ಕೇಳುತ್ತದೆ. ಜೊಲ್ಲಿನಲ್ಲಿ ಪುಕ್ಕ, ನಾರು ಅಂಟಿಸಿ ಬಂಡೆಗೆ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಮಹಾರಾಷ್ಟ್ರದ ವೆಂಗುರ್ಲಾ ಎದುರಿನ ಬಂಡೆಗಳಲ್ಲಿ ಅವುಗಳ ದೊಡ್ಡ ನೆಲೆಯೇ ಇದೆ, ಕಡಲ ಗವಿಯೊಳಗೆ. ಈ ಜಾತಿಯ ಗೂಡಿಗೆ ಪೂರ್ವ ಏಷ್ಯಾದಲ್ಲಿ ಸೂಪಿನ ಬೆಲೆ ಬಂದದ್ದರಿಂದ ಕಳ್ಳರು ಗವಿಗೆ ನುಗ್ಗಿ ಗೂಡು ಕಿತ್ತರು, ಮೊಟ್ಟೆ ಮರಿ ನೋಡಲಿಲ್ಲ. ಆಮೇಲೆ ಕಾವಲು ಹಾಕಬೇಕಾಯಿತು. ಮಾಮಾ, ಆ ಕಳ್ಳರಿಗಿಂತ ಮುಂಚೆ ಗವಿ ಹುಡುಕಿದವನು ಒಬ್ಬ ಇದ್ದಿರಬೇಕಲ್ಲ? ಒಂದು ಜಾಗ ಸಿಕ್ಕಿತು ಎಂದು ಸಾರಿ ಹೇಳುವುದಕ್ಕೂ ಒಂದು ಹೊಣೆ ಇದೆ. ನಾನು ಹೋದ ಗವಿಗಳು ಎಲ್ಲಿವೆ ಎಂದು ಯಾರಿಗೂ ಹೇಳುವುದಿಲ್ಲ, ನಿಮಗೂ ಹೇಳುವುದಿಲ್ಲ.

ಮಾಮಾ: ಹೇಳಬ್ಯಾಡ. ಇಲ್ಲೆ ಉಜನಿ ದಂಡಿ ಭಿಗವಣದಾಗ ಅದನ್ನೇ ನಾ ನೋಡೀನಿ. ಚಳಿಗಾಲದಾಗ ರಾಜಹಂಸ ಬರ್ತಾವ, ಕೆಂಪು ಬಿಳಿ ಸಾಲು ಸಾಲು. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ.

ಸೊಸೆ: ಗದಗಿನ ಮಾಗಡಿ ಕೆರೆಗೂ ಬರುತ್ತವೆ ಅವು.

ಮಾಮಾ: ಹೌದಾ? ಇಲ್ಲಿ ಶಾಣ್ಯಾ ದೋಣಿಯವರು ಹಕ್ಕಿ ದೂರ ಇರೂ ಮುಂಚೇನೇ ಎಂಜಿನ್ ಬಂದ್ ಮಾಡಿ, ಗಳ ಊರಿ ಸಾವಕಾಶ ತಳ್ಳಿಕೋತ ಹೋಗ್ತಾರ. ಮುಂದ ಹೋಗಬ್ಯಾಡ ಅಂದಲ್ಲೆ ನಿಲ್ಲಸ್ತಾರ. ಫೋಟೋದವರು ‘ಇನ್ನಷ್ಟು ಹತ್ರ, ಇನ್ನಷ್ಟು ಹತ್ರ’ ಅಂತಾರ, ಹಕ್ಕಿ ಹಾರಿದ ಚಿತ್ರ ಬೇಕು ಅಂತಾರ. ಮೊದಲು ಅವರೆಲ್ಲಾ ಚಿಲಾಪಿ ಮೀನು ಹಿಡೀತಿದ್ದವರು. ಹಕ್ಕಿ ಎಬ್ಬಿಸಿದರ ಮರುದಿನ ಬರಾಂಗಿಲ್ಲ ಅನ್ನೋದು ಅವರಿಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ.

ಸೊಸೆ: ನಿಮ್ಮ ಮಾತೇ ನನ್ನ ಕಡೆ ಬಂತಲ್ಲ ಮಾಮಾ.

ಮಾಮಾ: ಹಕ್ಕಿ ವಿಷಯದಾಗ ಬಂತು, ನೆಲದ ವಿಷಯದಾಗ ಇಲ್ಲ. ಈ ಗುಡಿ ನೋಡು. ನೀರು ಇಳಿದರ ಪುಣೆಯಿಂದ ಜನ ಬರ್ತಾರ, ಮೊಬೈಲ್ ಹಿಡ್ಕೊಂಡು ದೋಣಿ ಹತ್ತತಾರ. ‘ಮುಳುಗಿದ ಗುಡಿ ಹುಡುಕಿದಿವಿ’ ಅಂತಾರ. ಹುಡುಕೂದೇನು? ಕಳದಿದ್ದು ಯಾವಾಗ? ನನ್ನ ಜೋಡಿ ಕಾರ್ಖಾನ್ಯಾಗ ಕೆಲಸ ಮಾಡಿದ ಒಬ್ಬರು ಇದೇ ಹಳೇ ಊರಿನವರು. ನೀರು ಇಳಿದ ಮ್ಯಾಲೆ ನನ್ನ ಕರ್ಕೊಂಡು ಹೋಗಿ, ಇಲ್ಲೆ ನಮ್ಮ ಹಿತ್ತಲ, ಇಲ್ಲೆ ಬಾವಿ, ಇಲ್ಲೆ ನಮ್ಮವ್ವ ಕಾಳು ಒಣಗಸ್ತಿದ್ಲು ಅಂತ ತೋರಿಸಿದ್ರು. ನೀರು ಅವರ ಹಿತ್ತಲ ಮ್ಯಾಲೆ ನಿಂತಾಗ ಅವರಿಗೆ ಹತ್ತು ಹನ್ನೆರಡು ವರ್ಷ. ಅವರಿಗೆ ಈ ನಡುಗಡ್ಡಿ ನೋಡೂ ಜಾಗ ಅಲ್ಲ, ಓಣಿ. ಅವರಿಗೆ ‘ಇಳೀಬ್ಯಾಡ್ರಿ, ಸುತ್ತ ಹಾಕಿ ಬರ್ರಿ’ ಅಂತ ಯಾರು ಹೇಳಬೇಕು?

ಸೊಸೆ: ಯಾರೂ ಹೇಳಬಾರದು. ಅವರೇ ಮೊದಲು ಇಳಿಯಬೇಕಾದವರು. ನಮ್ಮ ಶರಾವತಿಯಲ್ಲೂ ಇದೇ ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಮಲೆನಾಡಿನ ಗುಡ್ಡಗಳು ನಡುಗಡ್ಡೆಯಾದವು. ನಾ. ಡಿಸೋಜರ ‘ದ್ವೀಪ’ ಕಾದಂಬರಿ ಅದರ ಮೇಲೆಯೇ. ಗಿರೀಶ ಕಾಸರವಳ್ಳಿ 2002ರಲ್ಲಿ ಅದನ್ನು ಸಿನಿಮಾ ಮಾಡಿದರು. ಅದೇ ಶರಾವತಿ ಕೆಳಗಿಳಿದು ಹೊನ್ನಾವರದಲ್ಲಿ ಸಮುದ್ರ ಸೇರುವಾಗ ಎದುರಿಗೆ ಬಸವರಾಜದುರ್ಗ ಸಿಗುತ್ತದೆ. ಕೆಳದಿಯ ಅರಸರ ಕಾಲದ ಕೋಟೆಯಿರುವ ದ್ವೀಪ. ಮೇಲೆ ಮನುಷ್ಯರು ಮಾಡಿದ ದ್ವೀಪ, ಕೆಳಗೆ ಸಮುದ್ರ ಮಾಡಿದ ದ್ವೀಪ, ನಡುವೆ ಒಂದೇ ಹೊಳೆ. ದುರ್ಗಕ್ಕೆ ಹೋದಾಗ ಕೋಟೆಗೋಡೆಯ ಜಂಬಿಟ್ಟಿಗೆ ನೋಡಿ ಕಟ್ಟಿದ ಕೈಗಳ ನೆನಪಾಯಿತು. ಖಾಲಿ ದ್ವೀಪ ಎಂಬುದನ್ನು ನಾನು ಈ ಕರಾವಳಿಯಲ್ಲಿ ಒಂದೂ ಕಂಡಿಲ್ಲ.

ಮಾಮಾ: ಅದು ಬರೋಬ್ಬರಿ ಮಾತು. ಮಲ್ಪೆಯದು? ಅಲ್ಲೆ ಜನ ಇಲ್ಲಲ್ಲಾ.

ಸೊಸೆ: ಅಲ್ಲಿ ಕಲ್ಲೇ ಇದೆ ಹೇಳಿಕೊಳ್ಳಲು. ಲಾವಾ ತಣಿಯುವಾಗ ಕುಗ್ಗಿ ಸೀಳಿ, ಐದು ಆರು ಮೂಲೆಯ ಕಂಬಗಳಾಗಿ ನಿಂತಿದೆ. ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತವೂ ಮಡಗಾಸ್ಕರವೂ ಒಂದಾಗಿದ್ದು ಬಿಟ್ಟುಹೋಗುವ ಕಾಲದ ಲಾವಾ ಅದು. ನಾವೀಗ ಕೂತಿರುವ ಈ ಕರಿಕಲ್ಲು ಕೂಡ ಲಾವಾವೇ, ಆದರೆ ದಖ್ಖನ್ನಿನದು, ಸುಮಾರು 6.6 ಕೋಟಿ ವರ್ಷದ್ದು. ನಿಮ್ಮ ಕಲ್ಲಿಗಿಂತ ನಮ್ಮ ಕಲ್ಲು ಹಿರಿದು.

ಮಾಮಾ: ಇರಲಿ, ಹಿರ್ಯಾರಿಗೆ ನಮಸ್ಕಾರ. ಆದರ ಒಂದು ಮಾತು ಕೇಳು. ನಿಮ್ಮವ್ವ ಹೆದರೂದರಾಗ ತಪ್ಪಿಲ್ಲ. ಇಲ್ಲೇ, ನಮ್ಮ ತಾಲ್ಲೂಕಿನ ಕಳಾಶಿ ದಂಡಿಗೆ, 2024ರ ಮೇ 21ರ ಸಂಜಿ. ಆಚೆ ದಂಡಿ ಕುಗಾವದಿಂದ ದೋಣಿ ಬರ್ತಿತ್ತು. ಎರಡೂ ದಂಡಿ ಎದುರಾಬದುರು ಕಾಣ್ತಾವ, ರಸ್ತೆ ಹಿಡಿದು ಸುತ್ತಿ ಹೋದರ ಭಾಳ ದೂರ. ಹಂಗಾಗಿ ದಿನಾ ದೋಣಿಯಾಗೇ ಜನ ಓಡಾಡ್ತಿದ್ದರು. ಒಮ್ಮಿಂದೊಮ್ಮೆ ಬಿರುಗಾಳಿ ಎದ್ದು ದೋಣಿ ಮಗುಚಿತು. ಏಳು ಜನ ಇದ್ದರು, ಒಬ್ಬರು ಈಜಿ ದಂಡಿ ಸೇರಿದರು. ಆರು ಮಂದಿ ಹೋದರು, ಅದರಾಗ ಎರಡು ಸಣ್ಣ ಕೂಸು. ಹೆಣ ಸಿಗೂ ತನಕ ಈ ಸುತ್ತಿನ ಊರವರು ದಂಡಿ ಬಿಟ್ಟು ಕದಲಲಿಲ್ಲ. ಸಮುದ್ರ ಅಲ್ಲ ಅದು, ನಾವು ದಿನಾ ನೋಡೂ ನೀರು.

ಸೊಸೆ: ನಮ್ಮಲ್ಲೂ ಆಗಿದೆ ಮಾಮಾ. 2019ರ ಜನವರಿ 21, ಪುಷ್ಯ ಹುಣ್ಣಿಮೆ, ಕೂರ್ಮಗಡದ ನರಸಿಂಹ ದೇವರ ಜಾತ್ರೆ. ದರ್ಶನ ಮುಗಿಸಿ ಕಾರವಾರಕ್ಕೆ ಹಿಂದಿರುಗುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಸತ್ತರು. ಹತ್ತಿರದ ದಾರಿ, ವರ್ಷವೂ ಹೋಗುವ ದಾರಿ. ದೂರದ ನೇತ್ರಾಣಿಗೆ ಹೋಗುವವನು ಹವಾಮಾನ ನೋಡುತ್ತಾನೆ, ಜಾಕೆಟ್ ತೊಡುತ್ತಾನೆ. ಎದುರಿಗೆ ಕಾಣುವ ದಡಕ್ಕೆ ಯಾರೂ ತೊಡುವುದಿಲ್ಲ. ಎಷ್ಟು ಜನ ಹತ್ತಬೇಕು ಎಂದು ದೋಣಿ ಹೇಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ದಡದಲ್ಲಿ ನಿಂತು ತಲೆ ಎಣಿಸುವ ಒಬ್ಬ ಮನುಷ್ಯ, ಒಂದು ರಾಶಿ ಜಾಕೆಟ್, ಗಾಳಿ ಏಳುವ ಸುದ್ದಿ ಬಂದಾಗ ದೋಣಿ ಕಟ್ಟಿಹಾಕುವ ಅಧಿಕಾರ, ಇಷ್ಟು ಪ್ರತಿ ಕಡವಿನಲ್ಲೂ ಇರಲೇಬೇಕು. ಕಾರವಾರದಲ್ಲೂ ಇರಬೇಕು, ಕಳಾಶಿಯಲ್ಲೂ ಇರಬೇಕು.

ಮಾಮಾ: ಸೇತುವೆನೂ ಬೇಕು.

ಸೊಸೆ: ಇಲ್ಲಿ ಸೇತುವೆ ಬೇಕು, ಹೌದು. ದಿನದ ಅಗತ್ಯಕ್ಕೆ ಹೋಗುವವರನ್ನು ಗಾಳಿಯ ಕೈಗೆ ಬಿಡಬಾರದು. ಗಾಳಿಯ ಕೈಗೆ ಹೋಗುವುದು ನನ್ನಂಥ ಇಷ್ಟಪಟ್ಟು ಹೋಗುವವರ ಪಾಲಿಗಿರಲಿ.

ಮಾಮಾ: ಕೂರ್ಮಗಡದಾಗ ನರಸಿಂಹ ಅಂದೆಲ್ಲಾ. ನಮ್ಮ ಮನೆದೇವರೂ ಅವನೇ. ನೀರಾ, ಭೀಮಾ ಕೂಡೂ ಮೂಲ್ಯಾಗ ಕೂತಾನ. ಮುಂಜಾನೆ ಅಲ್ಲೆ ಹೋಗಿ ಬಂದಿವಿ, ಆದರ ಅವನದೇ ಇನ್ನೊಂದು ಗುಡಿ ಸಮುದ್ರದಾಗ ಅದ ಅಂತ ನೀ ಇಷ್ಟೊತ್ತಿನ ತನಕ ಹೇಳಲಿಲ್ಲ.

ಸೊಸೆ: ನೀವು ಕೇಳಲಿಲ್ಲ.

ಮಾಮಾ: ಈಗ ಕೇಳ್ತೀನಿ. ಪುಷ್ಯ ಹುಣ್ಣಿಮೆಗೆ ನಾ ಬರ್ತೀನಿ. ನಿನ್ನ ಹಾಯಿದೋಣಿಯಾಗೇ ಹೋಗೂದು.

ಸೊಸೆ: ಜಾತ್ರೆಯ ದಿನ ಬೇಡ. ದೋಣಿಗಳ ಗದ್ದಲದಲ್ಲಿ ಹಾಯಿ ತಿರುಗಿಸಲು ಜಾಗವಿರುವುದಿಲ್ಲ. ಅದಕ್ಕಿಂತ ಎರಡು ದಿನ ಮುಂಚೆ ಬನ್ನಿ, ಬೆಳಗಿನ ಮೂಡಗಾಳಿಗೆ ಹೋಗಿ ಮಧ್ಯಾಹ್ನದ ಗಾಳಿಗೆ ಬರೋಣ.

ಮಾಮಾ: ಇಳೀಲಿಕ್ಕೆ ಬಿಡ್ತಿ ಏನು?

ಸೊಸೆ: ಕೂರ್ಮಗಡದಲ್ಲಿ ಇಳಿಯಬೇಕು, ದೇವರ ಹತ್ತಿರ ಹೋಗಬೇಕು. ಜನ ಬರಲೆಂದೇ ಇರುವ ದ್ವೀಪ ಅದು. ನೇತ್ರಾಣಿಯಲ್ಲಿ ಮಾತ್ರ ನನ್ನ ಮಾತು ನಡೆಯಬೇಕು.

ಮಾಮಾ: ನೇತ್ರಾಣಿ ಹೆಸರು ತಗೀಬ್ಯಾಡ, ಆ ಜಗಳ ಇನ್ನೂ ಮುಗಿದಿಲ್ಲ. ಗಾಳಿ ಏಳದಿದ್ದರ?

ಸೊಸೆ: ಏಳುವ ತನಕ ಕಾಯುವುದು. ಏಳದಿದ್ದರೆ ಹುಟ್ಟು ಇದೆ. ಜಾಕೆಟ್ ತೊಡಬೇಕು.

ಮಾಮಾ: ಭೀಮಾ ದಂಡ್ಯಾಗ ಹುಟ್ಟಿದಾಂವಗ ಈಜಾಕ ಬರಾಂಗಿಲ್ಲ ಅಂದ್ಕೊಂಡಿ?

ಸೊಸೆ: ಈಜು ಬರುವವರೂ ತೊಡಬೇಕು. ದೋಣಿಯಲ್ಲಿ ತಾಂಡೇಲರ ಮಾತೇ ಕೊನೆ, ಮನೆಯ ಹಿರಿತನ ಅಲ್ಲಿ ನಡೆಯುವುದಿಲ್ಲ.

ಮಾಮಾ: ಆತು, ತೊಡ್ತೀನಿ. ನಿಮ್ಮವ್ವಗ ನಾನೇ ಫೋನ್ ಮಾಡಿ ಹೇಳ್ತೀನಿ. ನೀ ಹೇಳಬ್ಯಾಡ.